ವಾರಾನ್ನದಿಂದ ವಿದ್ಯಾರ್ಥಿನಿಲಯಕ್ಕೆ

ಯಾವುದಾದರೊಂದು ಕಾಲೇಜಿನ ಚರಿತ್ರೆಯನ್ನು ಬರೆಯಹೊರಟವರು ಮೊದಲು ಅದರ ಸ್ಥಾಪನೆಯ ವರ್ಷವನ್ನು ಹೇಳುತ್ತಾರೆ. ತರುವಾಯ ಅಡಿಗಲ್ಲಿಟ್ಟ ಮಹನೀಯರ ಹೆಸರು, ದಾನಿಗಳ ಹೆಸರು, ಪ್ರಿನ್ಸಿಪಾಲರ ಪರಂಪರೆ, ಪರೀಕ್ಷೆಗಳ ಫಲಿತಾಂಶ ಇವು ಒಂದರ ಹಿಂದೊಂದು ಬರುತ್ತವೆ. ಇವೆಲ್ಲ ಬೇಕಾದುವೇ ಸರಿ. ಆದರೆ ಆ ಕಾಲೇಜಿನಲ್ಲಿ ಓದಿದ ಹುಡುಗನು ಬೆಳಿಗ್ಗೆ ಎಲ್ಲಿ ಉಂಡು ಬಂದನು, ರಾತ್ರಿ ಯಾರ ಜಗಲಿಯ ಮೇಲೆ ಮಲಗಿದನು, ಫೀಜಿನ ಹಣವನ್ನು ಯಾರಿಂದ ತಂದು ಕಟ್ಟಿದನು ಎಂಬ ಸಂಗತಿಗಳು ಆ ಪುಟಗಳಲ್ಲಿ ಕಾಣಸಿಗುವುದು ಅಪರೂಪ. ಕಟ್ಟಡಕ್ಕೆ ಕಲ್ಲು ಬೇಕು, ನಿಜ; ಕಾಲೇಜಿಗೆ ಬೇಕಾದುದು ಹಸಿವು ನೀಗಿದ ವಿದ್ಯಾರ್ಥಿ. ಕನ್ನಡ ನಾಡಿನ ವಿದ್ಯಾಭ್ಯಾಸದ ಚರಿತ್ರೆಯನ್ನು ಊಟದ ಎಲೆಯ ಕಡೆಯಿಂದಲೂ ಒಮ್ಮೆ ನೋಡಬೇಕೆಂಬುದೇ ಈ ಲೇಖನದ ಉದ್ದೇಶ. ರಾಜ್ಯೋತ್ಸವದ ಸಂದರ್ಭದಲ್ಲಿ, ಅದರಲ್ಲೂ ಮುಂಬಯಿಯಂಥ ಹೊರನಾಡಿನ ನಗರದಲ್ಲಿ, ಹೀಗೆ ನೋಡುವುದಕ್ಕೆ ಒಂದು ವಿಶೇಷ ಕಾರಣವೂ ಇದೆ. ಅದನ್ನು ಕೊನೆಯಲ್ಲಿ ನಿವೇದಿಸುತ್ತೇನೆ.

ಮುಂಬಯಿ ವಿಶ್ವವಿದ್ಯಾಲಯವು ಸ್ಥಾಪಿತವಾದುದು 1857ರಲ್ಲಿ. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಈ ನಾಲ್ಕು ಕನ್ನಡ ಜಿಲ್ಲೆಗಳು ಅದರ ಆಡಳಿತ ಕ್ಷೇತ್ರಕ್ಕೆ ಸೇರಿದ್ದುವು. ಆದರೂ ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆರೆದುದು 1917ರಲ್ಲಿ. ನಡುವಣ ಈ ಅರುವತ್ತು ವರ್ಷಗಳ ಕಾಲ ಮೆಟ್ರಿಕ್ಯುಲೇಶನ್ ಮುಗಿಸಿದ ಕನ್ನಡ ಹುಡುಗನು ಮುಂದೆ ಓದಬೇಕೆಂದರೆ ಪುಣೆಗೋ ಮುಂಬಯಿಗೋ ಗಂಟುಮೂಟೆ ಕಟ್ಟಬೇಕಾಗಿದ್ದಿತು. 1885ರಲ್ಲಿ ಆರಂಭವಾದ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿಯೇ ಆಲೂರ ವೆಂಕಟರಾಯರು ಓದಿದರು, ದ. ರಾ. ಬೇಂದ್ರೆಯವರು 1918ರಲ್ಲಿ ಬಿ.ಎ. ಆದುದೂ ಅಲ್ಲಿಂದಲೇ. ಬೇಂದ್ರೆಯವರಿಗೆ ಪುಣೆಯಲ್ಲಿ ಚಿಕ್ಕಪ್ಪನ ಆಶ್ರಯವಿದ್ದಿತು. ಹಾಗೆ ನೆಂಟರ ಮನೆಯಿಲ್ಲದವರ ಪಾಡೇನು? ಪರಭಾಷೆಯ ಊರು, ಕೈಯಲ್ಲಿ ಕಾಸಿಲ್ಲ, ಖಾನಾವಳಿಯವನು ತಿಂಗಳ ಕೊನೆಗೆ ಲೆಕ್ಕ ಕೇಳುತ್ತಾನೆ. ಬುದ್ಧಿಯಿದ್ದೂ ಈ ಕಾರಣದಿಂದ ಊರಿನಲ್ಲಿಯೇ ಉಳಿದವರು ಎಷ್ಟು ಮಂದಿಯೋ! ಚರಿತ್ರೆಯು ಓದಿದವರನ್ನು ಎಣಿಸುತ್ತದೆ. ಓದಲಾರದೆ ಹೋದವರನ್ನು ಎಣಿಸುವ ಪದ್ಧತಿ ಇನ್ನೂ ಬಂದಿಲ್ಲ.

ಮೈಸೂರು ಸೀಮೆಯ ಸ್ಥಿತಿ ತುಸು ಮೇಲಾಗಿದ್ದಿತು. ಬೆಂಗಳೂರಿನಲ್ಲಿ ಸೆಂಟ್ರಲ್ ಕಾಲೇಜು, ಮೈಸೂರಿನಲ್ಲಿ ಮಹಾರಾಜಾ ಕಾಲೇಜು ಇದ್ದುವು. ಆದರೂ ಬಡವನ ಬವಣೆ ಅಲ್ಲಿಯೂ ಒಂದೇ. ತಂದೆಯನ್ನು ಎಳವೆಯಲ್ಲಿಯೇ ಕಳೆದುಕೊಂಡ ಎಂ. ವಿಶ್ವೇಶ್ವರಯ್ಯನವರು ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಪಾಠ ಹೇಳಿಕೊಟ್ಟು ತಮ್ಮ ಓದನ್ನು ಸಾಗಿಸಿದರು. 1881ರಲ್ಲಿ ಅವರು ಬಿ.ಎ. ಆದ ಮೇಲೆ ಮೈಸೂರು ಸರಕಾರವು ಸಹಾಯ ಮಾಡಿ ಅವರನ್ನು ಪುಣೆಯ ವಿಜ್ಞಾನ ಕಾಲೇಜಿಗೆ ಇಂಜಿನಿಯರಿಂಗ್ ಓದಲು ಕಳುಹಿಸಿತು. 1883ರಲ್ಲಿ ಅವರು ಮೊದಲಿಗರಾಗಿ ತೇರ್ಗಡೆಯಾದರು. ಮುಂದಿನ ಕಥೆ ಎಲ್ಲರಿಗೂ ಗೊತ್ತು. ಆದರೆ ಆ ಕಥೆಯ ತಳಪಾಯದಲ್ಲಿ ಒಂದು ಮನೆಪಾಠವೂ ಒಂದು ವಿದ್ಯಾರ್ಥಿವೇತನವೂ ಇರುವುದನ್ನು ನಾವು ನೆನೆಯುವುದು ಕಡಿಮೆ. ಸರಕಾರವು ಅಂದು ಒಬ್ಬ ಹುಡುಗನಿಗಾಗಿ ವೆಚ್ಚ ಮಾಡಿದ ಹಣವು ನಾಡಿಗೆ ಎಷ್ಟು ಪಾಲಾಗಿ ಹಿಂದಿರುಗಿತೆಂಬುದನ್ನು ಕನ್ನಂಬಾಡಿಯ ಕಟ್ಟೆಯನ್ನು ನೋಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಸರಕಾರದ ದೃಷ್ಟಿಗೆ ಬೀಳದ ಸಾಮಾನ್ಯ ಹುಡುಗನಿಗೆ ಇದ್ದ ಒಂದೇ ದಾರಿ ವಾರಾನ್ನ. ಹೊಸ ತಲೆಮಾರಿನವರಿಗೆ ಈ ಮಾತೇ ಅಪರಿಚಿತವಾಗುತ್ತ ಬಂದಿರುವುದರಿಂದ ಎರಡು ಮಾತು ವಿವರಿಸುವುದು ಅವಶ್ಯ. ವಾರಕ್ಕೆ ಏಳು ದಿನ. ಹುಡುಗನು ಊರಿನಲ್ಲಿ ಏಳು ಮನೆಗಳನ್ನು ಗೊತ್ತುಮಾಡಿಕೊಳ್ಳುತ್ತಿದ್ದನು. ಸೋಮವಾರ ವಕೀಲರ ಮನೆ, ಮಂಗಳವಾರ ಮೇಷ್ಟರ ಮನೆ, ಬುಧವಾರ ದೂರದ ಬಂಧುವೊಬ್ಬರ ಮನೆ, ಹೀಗೆ. ಗೊತ್ತಾದ ದಿನ ಗೊತ್ತಾದ ಮನೆಯಲ್ಲಿ ಊಟ. ಏಳು ಮನೆ ಸಿಕ್ಕದವನು ಐದು ದಿನ ಉಂಡು ಎರಡು ದಿನ ಹೇಗೋ ಕಳೆಯುತ್ತಿದ್ದನು. ಪ್ರತಿಯಾಗಿ ಬಾವಿಯಿಂದ ನೀರು ಸೇದಿಕೊಡುವುದು, ಪೂಜೆಗೆ ಹೂ ತರುವುದು, ಮನೆಯ ಚಿಕ್ಕ ಮಕ್ಕಳಿಗೆ ಮಗ್ಗಿ ಹೇಳಿಕೊಡುವುದು ಮುಂತಾದ ಕೆಲಸಗಳು ಕರಾರಿಲ್ಲದೆಯೇ ಸೇರಿಕೊಳ್ಳುತ್ತಿದ್ದುವು. ವಾರದ ಮನೆಯ ಗೃಹಿಣಿಯು ತಾಯಿಯಂತಿದ್ದರೆ ಹುಡುಗನ ಭಾಗ್ಯ. ಬಡಿಸುವ ಕೈ ಬಿಗಿಯಾಗಿದ್ದರೆ ಆ ದಿನದ ತುತ್ತು ಗಂಟಲಿನಲ್ಲಿ ಇಳಿಯುವುದೇ ಕಷ್ಟವಾಗುತ್ತಿದ್ದಿತು. ಪುಣೆಯ ಕಡೆ ಇದಕ್ಕೆ ಸಮಾನವಾದುದು ಮಾಧುಕರಿ. ಹುಡುಗರು ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ಅನ್ನ ತರುವ ಪದ್ಧತಿಯದು. ಅಂಥ ಹುಡುಗರ ಪಾಡನ್ನು ಕಂಡೇ 1909ರಲ್ಲಿ ಪುಣೆಯಲ್ಲಿ ಅನಾಥ ವಿದ್ಯಾರ್ಥಿಗೃಹವು ಹುಟ್ಟಿತು.

ವಾರಾನ್ನವು ಒಂದು ಉದಾರವಾದ ಪದ್ಧತಿಯಾಗಿದ್ದಿತು ಎಂಬುದರಲ್ಲಿ ಸಂಶಯವಿಲ್ಲ. ಯಾವ ಕಾನೂನಿನ ಒತ್ತಾಯವೂ ಇಲ್ಲದೆ, ಯಾವ ಪತ್ರಿಕೆಯಲ್ಲಿ ಹೆಸರೂ ಬರದೆ, ಸ್ವತಃ ಹೆಚ್ಚೇನೂ ಇಲ್ಲದ ಸಂಸಾರಗಳು ಪರರ ಮಗನಿಗೆ ವಾರಕ್ಕೊಂದು ದಿನ ಎಲೆ ಹಾಕಿದುವು. ಅವರ ಋಣವನ್ನು ತೀರಿಸುವುದು ಸಾಧ್ಯವಿಲ್ಲ. ಆದರೆ ಗುಣವನ್ನು ಹೇಳುವಾಗ ಮಿತಿಯನ್ನೂ ಹೇಳದಿದ್ದರೆ ಅದು ಚರಿತ್ರೆಯಾಗಲಾರದು. ವಾರದ ಮನೆಗಳು ಯಾರಿಗೆ ದೊರೆಯುತ್ತಿದ್ದುವು? ಮನೆಯ ಒಳಗೆ ಪಂಕ್ತಿಯಲ್ಲಿ ಕುಳಿತು ಉಣ್ಣಬಲ್ಲವನಿಗೆ. ಎಂದರೆ ಬಹುಮಟ್ಟಿಗೆ ಬ್ರಾಹ್ಮಣರ ಮನೆಯಲ್ಲಿ ಬ್ರಾಹ್ಮಣ ವಟುವಿಗೆ. ಹೊಲದಲ್ಲಿ ದುಡಿಯುವವನ ಮಗನಿಗೆ ಆ ಬಾಗಿಲು ತೆರೆಯುತ್ತಿರಲಿಲ್ಲ. ಅಸ್ಪೃಶ್ಯನೆನಿಸಿಕೊಂಡವನಿಗೆ ಬಾಗಿಲಿರಲಿ, ಬೀದಿಯೇ ಇರಲಿಲ್ಲ. ಹೆಣ್ಣುಮಕ್ಕಳ ಮಾತಂತೂ ಬೇರೆಯೇ. ಏಳು ಮನೆ ತಿರುಗಿ ಉಂಡು ಓದುವುದು ಅವರಿಗೆ ಊಹೆಗೂ ನಿಲುಕದ ಸಂಗತಿ. ವಿಧವೆಯರಿಗಾಗಿ ಧೋಂಡೋ ಕೇಶವ ಕರ್ವೆಯವರು 1896ರಲ್ಲಿ ಪುಣೆಯಲ್ಲಿ ತೆರೆದ ಆಶ್ರಮವು ಮೊದಲು ಇರಲು ಒಂದು ಸೂರನ್ನು ಕೊಟ್ಟಿತು. ಹೆಂಗಸರ ವಿಶ್ವವಿದ್ಯಾಲಯವು ಹುಟ್ಟಿದುದು ಇಪ್ಪತ್ತು ವರ್ಷಗಳ ತರುವಾಯ, 1916ರಲ್ಲಿ. ಮೊದಲು ಸೂರು, ಬಳಿಕ ವಿದ್ಯೆ ಎಂಬ ಈ ಕ್ರಮವು ಗಮನಿಸತಕ್ಕದ್ದು.

ವಾರಾನ್ನದ ಇನ್ನೊಂದು ಮಿತಿಯನ್ನು ಸಾಮಾನ್ಯವಾಗಿ ಯಾರೂ ಎತ್ತಿ ಹೇಳುವುದಿಲ್ಲ. ಅದು ಸುದ್ದಿಗೆ ಸಂಬಂಧಪಟ್ಟದ್ದು. ಯಾವ ಮನೆಯಲ್ಲಿ ಯಾವ ದಿನ ಖಾಲಿಯಿದೆ ಎಂಬುದನ್ನು ಯಾವ ಫಲಕದ ಮೇಲೂ ಬರೆದು ಹಾಕುತ್ತಿರಲಿಲ್ಲ. ಅದು ಬಾಯಿಂದ ಬಾಯಿಗೆ, ನೆಂಟರಿಂದ ನೆಂಟರಿಗೆ, ಪುರೋಹಿತರಿಂದ ಪುರೋಹಿತರಿಗೆ ಹೋಗುತ್ತಿದ್ದ ವರ್ತಮಾನ. ಕೇಳಿದವನಿಗೆ ಅನ್ನ, ಕೇಳದವನಿಗೆ, ಅಥವಾ ಕೇಳಲು ನಾಚಿದವನಿಗೆ, ಉಪವಾಸ. ನೆರವಿಗೆ ಎರಡು ಕೈಗಳಿವೆ ಎಂದು ಇದರಿಂದ ಗೊತ್ತಾಗುತ್ತದೆ. ಒಂದು ಕೊಡುವ ಕೈ. ಇನ್ನೊಂದು ಇಲ್ಲಿದೆ ಬಾ ಎಂದು ಕರೆಯುವ ಕೈ. ಎರಡನೆಯದು ಇಲ್ಲದೆಹೋದರೆ ಮೊದಲನೆಯ ಕೈ ಎಷ್ಟೇ ಉದಾರವಾಗಿದ್ದರೂ ತನ್ನ ಹತ್ತಿರದವರಿಗೇ ಕೊಟ್ಟು ಸುಮ್ಮನಾಗುತ್ತದೆ. ನಮ್ಮ ನಾಡಿನ ವಿದ್ಯಾರ್ಥಿನಿಲಯಗಳ ಚರಿತ್ರೆಯೆಂದರೆ ಈ ಕರೆಯುವ ಕೈ ಸ್ವಲ್ಪಸ್ವಲ್ಪವಾಗಿ ಉದ್ದವಾದ ಚರಿತ್ರೆ ಎಂದರೆ ತಪ್ಪಾಗಲಾರದು.

ಈ ಮಾತಿಗೆ ಕೊಲ್ಹಾಪುರದ ದೃಷ್ಟಾಂತವು ಬಹು ಚೆನ್ನಾಗಿ ಒಪ್ಪುತ್ತದೆ. ಕೊಲ್ಹಾಪುರವು ಮರಾಠಿ ಸಂಸ್ಥಾನವಾದರೂ ಚಿಕ್ಕೋಡಿ, ಅಥಣಿ, ನಿಪ್ಪಾಣಿಗಳ ಕಡೆಯ ಕನ್ನಡಿಗರಿಗೆ ಹತ್ತಿರದ ವಿದ್ಯಾಕೇಂದ್ರವಾಗಿದ್ದಿತು. ಅಲ್ಲಿಯ ರಾಜಾರಾಮ ಕಾಲೇಜಿನಲ್ಲಿ ಕೆ. ಜಿ. ಕುಂದಣಗಾರರು ಕನ್ನಡವನ್ನು ಕಲಿಸಿದರು. ಬೆಳಗಾವಿ ಜಿಲ್ಲೆಯ ಸದಲಗದವರಾದ ಆ. ನೇ. ಉಪಾಧ್ಯೆಯವರು 1930ರಿಂದ ಮೂರು ದಶಕ ಪ್ರಾಕೃತವನ್ನು ಬೋಧಿಸಿದರು. ಈ ಸಂಸ್ಥಾನದ ಶಾಹು ಮಹಾರಾಜರು 1896ರಲ್ಲಿ ಎಲ್ಲ ಜಾತಿಯವರಿಗೂ ತೆರೆದ ಒಂದು ವಸತಿಗೃಹವನ್ನು ಏರ್ಪಡಿಸಿದರು. ಹೆಸರಿಗೆ ಅದು ಸರ್ವರದ್ದು. ನಡೆಯುತ್ತ ನಡೆಯುತ್ತ ಒಂದೇ ವರ್ಗದ ವಿದ್ಯಾರ್ಥಿಗಳದ್ದಾಗಿ ಉಳಿಯಿತು. ಎಲ್ಲರಿಗೂ ಎಂದು ಬರೆದ ಮಾತ್ರಕ್ಕೆ ಎಲ್ಲರೂ ಬರುವುದಿಲ್ಲವೆಂಬುದನ್ನು ಮಹಾರಾಜರು ಕಂಡುಕೊಂಡರು. ಆದ್ದರಿಂದ 1901ರಲ್ಲಿ ಮರಾಠರಿಗೆ ಒಂದು, ಜೈನರಿಗೆ ಒಂದು, 1906ರಲ್ಲಿ ಮುಸಲ್ಮಾನರಿಗೆ, 1907ರಲ್ಲಿ ಲಿಂಗಾಯತರಿಗೆ, 1908ರಲ್ಲಿ ಅಸ್ಪೃಶ್ಯರಿಗೆ ಎಂದು ಬೇರೆ ಬೇರೆ ವಿದ್ಯಾರ್ಥಿಗೃಹಗಳಿಗೆ ನೆರವಾದರು. ಇದು ನಿಮ್ಮ ಮನೆ, ನಿಮ್ಮ ಹುಡುಗನನ್ನು ಕಳುಹಿಸಿರಿ ಎಂದು ಒಂದೊಂದು ಸಮಾಜದ ಹಿರಿಯರಿಗೂ ಹೇಳಿಸಿದಂತಾಯಿತು. ಆಗ ಹಳ್ಳಿಯ ತಂದೆ ಧೈರ್ಯ ಮಾಡಿ ಮಗನನ್ನು ಗಾಡಿ ಹತ್ತಿಸಿದನು.

ಜಾತಿಗೊಂದು ನಿಲಯವೇ ಎಂದು ಇಂದಿನವರು ಹುಬ್ಬು ಗಂಟಿಕ್ಕಬಹುದು. ಆ ಆಕ್ಷೇಪಣೆಯಲ್ಲಿ ಸತ್ಯವಿಲ್ಲದಿಲ್ಲ. ಒಂದೇ ಕಾಲೇಜಿನ ಬೆಂಚಿನ ಮೇಲೆ ಕೂಡಿ ಕುಳಿತವರು ಊಟದ ಹೊತ್ತಿಗೆ ಹತ್ತು ದಿಕ್ಕಿಗೆ ಚದುರಿಹೋಗುವುದು ಒಳ್ಳೆಯ ನೋಟವಲ್ಲ. ಆದರೆ ಕೂಡಿ ಉಣ್ಣುವ ದಿನದ ವರೆಗೆ ಹಸಿದಿರು ಎಂದು ಹುಡುಗನಿಗೆ ಹೇಳಲಾಗುತ್ತಿತ್ತೆ? ಕೊಲ್ಹಾಪುರದ ಜೈನ ಬೋರ್ಡಿಂಗಿನಲ್ಲಿ ವಿದ್ಯಾರ್ಥಿಯಾಗಿದ್ದ ಭಾವುರಾವ್ ಪಾಟೀಲರು ಇದಕ್ಕೆ ತಮ್ಮ ಬಾಳಿನಿಂದಲೇ ಉತ್ತರ ಕೊಟ್ಟರು. 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿ, 1924ರಲ್ಲಿ ಸಾತಾರದಲ್ಲಿ ಎಲ್ಲ ಜಾತಿಯ ಹುಡುಗರೂ ಕೂಡಿ ಅಡಿಗೆ ಮಾಡಿ ಕೂಡಿ ಉಣ್ಣುವ ವಿದ್ಯಾರ್ಥಿಗೃಹವನ್ನು ತೆರೆದರು. ದುಡಿದು ಕಲಿಯುವುದು ಅಲ್ಲಿಯ ನಿಯಮವಾಯಿತು. ಮುಂದೆ 1947ರಲ್ಲಿ ಅದೇ ಊರಿನಲ್ಲಿ ಸಂಸ್ಥೆಯ ಕಾಲೇಜು ತೆರೆದಾಗಲೂ ಆ ನಿಯಮವು ಅಲ್ಲಿ ಮುಂದುವರಿಯಿತು. ಕೈಯಲ್ಲಿ ಗುದ್ದಲಿ ಹಿಡಿದವನು ದಾನ ಪಡೆದೆನೆಂದು ತಲೆ ತಗ್ಗಿಸಬೇಕಾಗಿರಲಿಲ್ಲ. ನೆರವಿನ ಜೊತೆಗೆ ಮಾನವನ್ನೂ ಉಳಿಸುವ ಉಪಾಯವಿದು.

ಕನ್ನಡ ನಾಡಿನೊಳಗೂ ಇದೇ ಕಾಲಕ್ಕೆ ಇಂಥ ಪ್ರಯತ್ನಗಳು ನಡೆದುವು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ತಮ್ಮವರ ಬಹಿಷ್ಕಾರವನ್ನು ಸಹಿಸಿ ದಲಿತರ ಮಕ್ಕಳಿಗಾಗಿ ಶಾಲೆ ನಡೆಸಿದರು. 1897ರಲ್ಲಿ ಅವರ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿತವಾಯಿತು. ಶಾಲೆಗೆ ಬಂದ ಮಗುವಿಗೆ ಅಕ್ಷರದೊಡನೆ ಅನ್ನವನ್ನೂ ಕೊಡಬೇಕೆಂಬುದನ್ನು ಅವರು ಅಂದೇ ಅರಿತಿದ್ದರು. ಬೆಂಗಳೂರಿನಲ್ಲಿ ಗುಬ್ಬಿಯ ತೋಟದಪ್ಪನವರ ಧರ್ಮಛತ್ರವು 1903ರಲ್ಲಿ ತೆರೆಯಿತು. ಪ್ರವಾಸಿಗಳಿಗೆ ಛತ್ರ, ವೀರಶೈವ ವಿದ್ಯಾರ್ಥಿಗಳಿಗೆ ನಿಲಯ ಎಂಬುದು ಆ ಧರ್ಮದ ಏರ್ಪಾಡು. ಸಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ತೀರಿಕೊಂಡಾಗ ತಮ್ಮ ಸಂಸ್ಥಾನದ ಉತ್ಪನ್ನವನ್ನು ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆ ಬರೆದಿಟ್ಟುಹೋದರು. 1916ರಲ್ಲಿ ಬೆಳಗಾವಿಯಲ್ಲಿ ತರುಣ ಅಧ್ಯಾಪಕರೂ ಅವರ ಸ್ನೇಹಿತರೂ ಕೂಡಿ ಕಟ್ಟಿದ ಕರ್ನಾಟಕ ಲಿಂಗಾಯತ ಎಜ್ಯುಕೇಶನ್ ಸೊಸಾಯಿಟಿಯು 1933ರಲ್ಲಿ ತೆರೆದ ಕಾಲೇಜಿಗೆ ಆ ಲಿಂಗರಾಜರದೇ ಹೆಸರು. ಮಕ್ಕಳಿಲ್ಲದ ದೇಸಾಯಿಯವರ ಹೆಸರನ್ನು ಹೇಳುವ ಮಕ್ಕಳು ಇಂದು ಲೆಕ್ಕಕ್ಕೆ ಸಿಗದಷ್ಟು!

ಧಾರವಾಡದ ಮಾತಿಗೆ ಬರೋಣ. ಅರಟಾಳ ರುದ್ರಗೌಡರು, ರೊದ್ದ ಶ್ರೀನಿವಾಸರಾಯರು ಮೊದಲಾದವರು ಊರೂರು ತಿರುಗಿ ಹಣ ಕೂಡಿಸಿ, ಸರಕಾರದ ಬಾಗಿಲು ತಟ್ಟಿ ಕರ್ನಾಟಕ ಕಾಲೇಜನ್ನು ತಂದುದು ಒಂದು ದೊಡ್ಡ ಸಾಧನೆ. ಆದರೆ ಕಾಲೇಜು ಬಂದ ಮಾತ್ರಕ್ಕೆ ಹಳ್ಳಿಯ ಹುಡುಗ ಬಂದಂತಾಗಲಿಲ್ಲ. ಅವನನ್ನು ಬರಮಾಡಿಕೊಂಡುದು ಊರಿನ ಇನ್ನಿತರ ಸಂಸ್ಥೆಗಳು. ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ನಡೆಸಿದ ಉಚಿತ ಪ್ರಸಾದನಿಲಯವು ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಮೊದಲ ಪದವೀಧರನನ್ನು ಹುಟ್ಟಿಸಿತು. ಭಕ್ತರು ತಂದೊಪ್ಪಿಸಿದ ಜೋಳವೇ ಅಲ್ಲಿಯ ವಿದ್ಯಾರ್ಥಿವೇತನ. ಇನ್ನೊಂದು ಕಡೆ, 1925ರಲ್ಲಿ ಸೊಲ್ಲಾಪುರದಲ್ಲಿ ದಲಿತ ವಿದ್ಯಾರ್ಥಿಗಳಿಗಾಗಿ ವಸತಿಗೃಹವನ್ನು ತೆರೆಸಿದ್ದ ಡಾ. ಭೀಮರಾವ್ ಅಂಬೇಡ್ಕರರು 1929ರಲ್ಲಿ ಧಾರವಾಡದಲ್ಲಿಯೂ ಒಂದು ವಿದ್ಯಾರ್ಥಿನಿಲಯವನ್ನು ಏರ್ಪಡಿಸಿದರು. ಬಲವಂತ ಹಣಮಂತರಾವ್ ವರಾಳೆಯವರು ಅದರ ಭಾರವನ್ನು ಹೊತ್ತು ನಡೆಸಿದರು. ಅಂಬೇಡ್ಕರರು ಸಂವಿಧಾನದ ಶಿಲ್ಪಿಯೆಂಬುದನ್ನು ಎಲ್ಲರೂ ಬಲ್ಲರು. ಅವರು ನಮ್ಮ ಧಾರವಾಡದ ಹುಡುಗರ ಊಟ ವಸತಿಗಳ ಚಿಂತೆಯನ್ನೂ ಮಾಡಿದ್ದರೆಂಬುದನ್ನು ಬಲ್ಲವರು ಕಡಿಮೆ.

ಮೈಸೂರು ಸಂಸ್ಥಾನದಲ್ಲಿ 1916ರಲ್ಲಿ ವಿಶ್ವವಿದ್ಯಾಲಯವು ಸ್ಥಾಪಿತವಾಯಿತು. 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿಯು ಹಿಂದುಳಿದ ವರ್ಗಗಳ ವಿದ್ಯಾಭ್ಯಾಸದ ವಿಚಾರವನ್ನು ಕೈಗೆತ್ತಿಕೊಂಡಿತು. ಸರಕಾರದ ಆಜ್ಞೆಗಳ ಜೊತೆಗೆ ಅಧ್ಯಾಪಕರ ಅಂತಃಕರಣವೂ ಅಲ್ಲಿ ಕೆಲಸ ಮಾಡಿತು. ಮಹಾರಾಜಾ ಕಾಲೇಜಿನ ಟಿ. ಎಸ್. ವೆಂಕಣ್ಣಯ್ಯನವರ ಸಂಬಳದಲ್ಲಿ ಬಡ ವಿದ್ಯಾರ್ಥಿಗಳಿಗೂ ಒಂದು ಪಾಲಿದ್ದಿತೆಂಬುದು ಅವರ ಶಿಷ್ಯರೆಲ್ಲರ ಅನುಭವ. ಕಾಯಿಲೆಯಿಂದ ಬಳಲಿದ ವಿದ್ಯಾರ್ಥಿ ಪುಟ್ಟಪ್ಪನವರನ್ನು ಮೈಸೂರಿನ ಶ್ರೀರಾಮಕೃಷ್ಣಾಶ್ರಮವು ಬರಮಾಡಿಕೊಂಡಿತು. 1929ರಲ್ಲಿ ಎಂ.ಎ. ಮುಗಿಸಿದ ಅವರು ಅಧ್ಯಾಪಕರಾದ ಮೇಲೆಯೂ ವರ್ಷಗಟ್ಟಲೆ ಅಲ್ಲಿಯೇ ಇದ್ದರು. ಮಹಾಕವಿಯು ತನ್ನ ಮಹಾಕಾವ್ಯವನ್ನು ವೆಂಕಣ್ಣಯ್ಯನವರಿಗೆ ಅರ್ಪಿಸಿದುದು ಗುರುಶಿಷ್ಯ ಸಂಬಂಧದ ಒಂದು ಕುರುಹು. ಹೊಟ್ಟೆಗೆ ಅನ್ನ ಹೇಗೋ ಹಾಗೆ ಮನಸ್ಸಿಗೂ ಒಂದು ಆಸರೆ ಬೇಕಷ್ಟೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಎ. ಆರ್. ಕೃಷ್ಣಶಾಸ್ತ್ರಿಗಳು ಬೆಳೆಸಿದ ಕರ್ಣಾಟಕ ಸಂಘವು ಅಂಥದು. ಇಂಗ್ಲಿಷಿನಲ್ಲಿಯೇ ಪಾಠ, ಇಂಗ್ಲಿಷಿನಲ್ಲಿಯೇ ಮಾತು ನಡೆಯುತ್ತಿದ್ದ ಕಾಲೇಜಿನಲ್ಲಿ ಕನ್ನಡ ಸಭೆಯ ಸೂಚನಾಪತ್ರವೊಂದು ಗೋಡೆಯ ಮೇಲೆ ಕಾಣಿಸಿಕೊಂಡುದೇ ಹಳ್ಳಿಯಿಂದ ಬಂದ ಹುಡುಗನಿಗೆ ನೀನೂ ಇಲ್ಲಿಯವನೇ ಎಂದು ಹೇಳಿದಂತೆ. ಆ ಸಂಘದಿಂದ 1919ರಲ್ಲಿ ಹೊರಟ ‘ಪ್ರಬುದ್ಧ ಕರ್ಣಾಟಕ’ದ ಸೇವೆಯನ್ನು ಇಲ್ಲಿ ವರ್ಣಿಸಬೇಕಾಗಿಲ್ಲ.

ಸೆಂಟ್ರಲ್ ಕಾಲೇಜಿನಲ್ಲಿ ಓದಿದ ಇನ್ನೊಬ್ಬ ವಿದ್ಯಾರ್ಥಿಯನ್ನು ಇಲ್ಲಿ ಹೆಸರಿಸಲೇಬೇಕು. 1941ರಲ್ಲಿ ಸಿದ್ಧಗಂಗಾ ಮಠದ ಭಾರವನ್ನು ವಹಿಸಿಕೊಂಡು, 2019ರಲ್ಲಿ ತಮ್ಮ 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳು. ಅವರ ಕಾಲದಲ್ಲಿ ಜಾತಿಮತಗಳ ಎಣಿಕೆಯಿಲ್ಲದೆ ಸಾವಿರಾರು ಮಕ್ಕಳಿಗೆ ಅಲ್ಲಿ ಅನ್ನ, ಅಕ್ಷರ, ಆಶ್ರಯ ದೊರೆತುವು. ಸ್ವಾಮಿಗಳೇ ಹಳ್ಳಿಹಳ್ಳಿಗೆ ಹೋಗಿ ಧಾನ್ಯವನ್ನು ಬೇಡಿ ತಂದರು. ವಾರಾನ್ನದ ಕಾಲದಲ್ಲಿ ಬೇಡುತ್ತಿದ್ದವನು ವಿದ್ಯಾರ್ಥಿ. ಇಲ್ಲಿ ವಿದ್ಯಾರ್ಥಿಯ ಪರವಾಗಿ ಗುರುವೇ ಬೇಡಿದನು. ಈ ವ್ಯತ್ಯಾಸವು ಸಣ್ಣದಲ್ಲ. ಗೌರಿಬಿದನೂರಿನ ಬಳಿಯ ಹೊಸೂರಿನ ಹುಡುಗನೊಬ್ಬನು ಓದಿಗಾಗಿ ಬೆಂಗಳೂರಿಗೆ ಕಾಲುನಡಿಗೆಯಲ್ಲಿ ಬಂದನು. ಆ ಹುಡುಗನೇ ಮುಂದೆ ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲರೂ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳೂ ಆದ ಡಾ. ಎಚ್. ನರಸಿಂಹಯ್ಯನವರು. ಅಧಿಕಾರ ಬಂದರೂ ಅವರು ಬಂಗಲೆಗೆ ಹೋಗಲಿಲ್ಲ. 2005ರಲ್ಲಿ ಕಾಲವಾಗುವ ವರೆಗೂ ಕಾಲೇಜಿನ ವಿದ್ಯಾರ್ಥಿನಿಲಯದ ಕೊಠಡಿಯೇ ಅವರ ಮನೆಯಾಗಿದ್ದಿತು. ಪಕ್ಕದ ಕೊಠಡಿಯಲ್ಲಿ ಪ್ರಿನ್ಸಿಪಾಲರೇ ಇರುವಾಗ ಹುಡುಗನು ತನ್ನ ಕಷ್ಟವನ್ನು ಹೇಳಿಕೊಳ್ಳಲು ಯಾವ ಅರ್ಜಿ ಬೇಕು?

ಹೊರನಾಡಿನ ಕನ್ನಡಿಗರೂ ಈ ವಿಷಯದಲ್ಲಿ ಹಿಂದೆ ಬೀಳಲಿಲ್ಲ. ಕರಾವಳಿಯಿಂದ ಮುಂಬಯಿಗೆ ಬಂದ ಹುಡುಗರು ಹಗಲೆಲ್ಲ ಹೋಟೆಲುಗಳಲ್ಲಿ ಲೋಟ ತೊಳೆದು, ಮೇಜು ಒರೆಸಿ ದುಡಿಯುತ್ತಿದ್ದರು. ಅವರಿಗಾಗಿ ಕನ್ನಡ ಸಂಘಟನೆಗಳು ರಾತ್ರಿ ಶಾಲೆಗಳನ್ನು ತೆರೆದುವು. 1902ರಲ್ಲಿ ಸ್ಥಾಪಿತವಾದ ಮೊಗವೀರ ವ್ಯವಸ್ಥಾಪಕ ಮಂಡಳಿಯು ಈ ಕೆಲಸಕ್ಕೆ ಬಹಳ ಮುಂಚೆಯೇ ಕೈಹಾಕಿತು. ಅದರ ಬೆನ್ನಿಗೆ ಬೇರೆ ಸಮಾಜಗಳೂ ಸಂಘಗಳೂ ಬಂದುವು. ಅಂಗಡಿ ಮುಚ್ಚಿದ ಮೇಲೆ ಪಾಟಿಪುಸ್ತಕ ಹಿಡಿದು ಹೋಗಿ, ನಿದ್ದೆಗಣ್ಣಿನಲ್ಲಿ ಲೆಕ್ಕ ಕಲಿತು, ಮೆಟ್ರಿಕ್ ಮಾಡಿ, ಕಾಲೇಜನ್ನೂ ಮುಗಿಸಿ ವಕೀಲರೂ ಅಧ್ಯಾಪಕರೂ ಉದ್ಯಮಿಗಳೂ ಆದವರನ್ನು ಮುಂಬಯಿಯ ಕನ್ನಡಿಗರು ಬಲ್ಲರು. ಇಲ್ಲಿ ಕರೆಯುವ ಕೈಯ ಕೆಲಸವನ್ನು ಮಾಡಿದವರು ಯಾರು? ಮೊದಲು ಬಂದು ನೆಲೆಯೂರಿದ ಅಣ್ಣಂದಿರು. ಊರಿನಿಂದ ಹೊಸದಾಗಿ ಬಂದವನ ಭುಜದ ಮೇಲೆ ಕೈಯಿಟ್ಟು, ಇಂಥ ಕಡೆ ಶಾಲೆಯಿದೆ, ಫೀಜಿಲ್ಲ, ನಾಳೆ ನನ್ನ ಜೊತೆ ಬಾ ಎಂದರು. ನಾಳೆ ನನ್ನ ಜೊತೆ ಬಾ ಎಂಬ ಮಾತಿನ ಬೆಲೆಯನ್ನು ಅಚ್ಚಾದ ಪ್ರಕಟಣೆ ಎಂದಿಗೂ ಸರಿಗಟ್ಟಲಾರದು.

ಸ್ವಾತಂತ್ರ್ಯದ ಆಸುಪಾಸಿನಲ್ಲಿ ಸರಕಾರವು ಈ ಹೊಣೆಯನ್ನು ಹೆಚ್ಚು ಹೆಚ್ಚಾಗಿ ವಹಿಸಿಕೊಂಡಿತು. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವನ್ನು ಭಾರತ ಸರಕಾರವು 1944ರಲ್ಲಿ ಆರಂಭಿಸಿತು. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾದ ತರುವಾಯ, ವಿಶೇಷವಾಗಿ ದೇವರಾಜ ಅರಸರ ಕಾಲದಲ್ಲಿ, ಹಿಂದುಳಿದವರಿಗೂ ದಲಿತರಿಗೂ ಸರಕಾರದ ವಿದ್ಯಾರ್ಥಿನಿಲಯಗಳು ಹೆಚ್ಚಿದುವು. 1975ರಲ್ಲಿ ಬಂದ ಹಾವನೂರ ಆಯೋಗದ ವರದಿಯು ಈ ಪ್ರಶ್ನೆಯನ್ನು ಸಾರ್ವಜನಿಕ ಚರ್ಚೆಯ ನಡುವೆ ತಂದು ನಿಲ್ಲಿಸಿತು. ಏಳು ಮನೆಗಳ ದಯೆಯಿಂದ ದೊರೆಯುತ್ತಿದ್ದುದು ಈಗ ಹಕ್ಕಾಗಿ ದೊರೆಯುವಂತಾಯಿತು. ಇದು ಒಂದು ಶತಮಾನದ ದೊಡ್ಡ ನಡೆ. ಹಕ್ಕಿನ ಅನ್ನವನ್ನು ಉಣ್ಣುವವನು ಯಾರ ಮುಖವನ್ನೂ ನೋಡಬೇಕಾಗಿಲ್ಲ.

ಆದರೆ ಹಕ್ಕಿಗೂ ಒಂದು ಬಾಗಿಲಿದೆ, ಆ ಬಾಗಿಲಿಗೆ ಒಂದು ದಿನಾಂಕವಿದೆ. ಸಣ್ಣ ಊರಿನ ಸಣ್ಣ ಕಾಲೇಜೊಂದನ್ನು ಮನಸ್ಸಿಗೆ ತಂದುಕೊಳ್ಳಿರಿ. ಹಿಂದೆ ಜವಾನನು ಸೂಚನೆಯ ಪುಸ್ತಕವನ್ನು ತರಗತಿಯಿಂದ ತರಗತಿಗೆ ಹಿಡಿದು ತರುತ್ತಿದ್ದನು. ಮೇಷ್ಟರು ಪಾಠ ನಿಲ್ಲಿಸಿ ಅದನ್ನು ಓದಿ ಹೇಳುತ್ತಿದ್ದರು. ಆಮೇಲೆ ಅದು ಸೂಚನಾಫಲಕಕ್ಕೆ ಏರುತ್ತಿದ್ದಿತು. ಫೀಜಿನ ವಾಯಿದೆ, ಆಟದ ಪಂದ್ಯ, ಚರ್ಚಾಕೂಟ, ವಿದ್ಯಾರ್ಥಿವೇತನದ ಅರ್ಜಿ, ಎಲ್ಲವೂ ಒಂದರ ಮೇಲೊಂದು. ಬಡ ಹುಡುಗನು ಸಂಜೆ ಬಸ್ಸು ತಪ್ಪೀತೆಂದು ಓಡುವವನು. ಫಲಕದ ಮುಂದೆ ನಿಲ್ಲಲು ಅವನಿಗೆ ಸಮಯವೆಲ್ಲಿ? ಈಗ ಆ ಫಲಕವು ಅಂಗೈಯಗಲದ ದೂರವಾಣಿಯೊಳಗೆ ಸೇರಿದೆ. ಅರ್ಜಿಯನ್ನು ಅಂತರ್ಜಾಲದಲ್ಲಿಯೇ ತುಂಬಬೇಕು. ಜಾತಿಯ ಪತ್ರ, ಆದಾಯದ ಪತ್ರ, ಆಧಾರ್ ಸಂಖ್ಯೆ, ಬ್ಯಾಂಕಿನ ಖಾತೆ ಒಂದಕ್ಕೊಂದು ತಾಳೆಯಾಗಬೇಕು. ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಹಣ ನಿಂತೀತು. ತಂದೆತಾಯಿ ಅಕ್ಷರ ಬಲ್ಲವರಲ್ಲ. ಕೇಳಿದರೆ ಸಹಪಾಠಿಗಳು ನಕ್ಕಾರೆಂಬ ಸಂಕೋಚ ಬೇರೆ. ಕೊಡುವ ಕೈ ಸರಕಾರದ್ದು, ಬಲು ದೊಡ್ಡದು. ಕರೆಯುವ ಕೈ ಮಾತ್ರ ಹಳೆಯ ವಾರಾನ್ನದ ಕಾಲದಲ್ಲಿದ್ದಂತೆ ಗೊತ್ತಿದ್ದವರ ವರೆಗೇ ಚಾಚುತ್ತದೆ.

ಇನ್ನು ಮೊದಲು ಹೇಳಿದ ವಿಶೇಷ ಕಾರಣ. ಇಂದು ಹೊರನಾಡಿನ ಕನ್ನಡ ಸಂಘಗಳು ನಾಟಕ, ಯಕ್ಷಗಾನ, ಸಂಗೀತ, ಸನ್ಮಾನಗಳನ್ನು ಚೆನ್ನಾಗಿ ನಡೆಸುತ್ತಿವೆ. ಪ್ರತಿಭಾವಂತ ವಿದ್ಯಾರ್ಥಿಗಳಿಗೆ ವೇದಿಕೆಯ ಮೇಲೆ ಲಕೋಟೆ ಕೊಡುವ ರೂಢಿಯೂ ಇದೆ. ಅದು ಬೇಡವೆಂದಲ್ಲ. ಆದರೆ ತೊಂಬತ್ತು ಅಂಕ ಪಡೆದವನನ್ನು ಹುಡುಕುವುದು ಸುಲಭ. ಫೀಜು ಕಟ್ಟಲಾರದೆ ಎರಡನೆಯ ವರ್ಷಕ್ಕೆ ಹೆಸರು ಹಚ್ಚದೆ ಹೋದವನನ್ನು ಹುಡುಕುವುದೇ ಕಷ್ಟ. ಸಂಘದ ಕೊಠಡಿಯಲ್ಲಿ ವಾರಕ್ಕೊಂದು ಸಂಜೆ ಇಬ್ಬರು ಬಲ್ಲವರು ಕುಳಿತು, ಯಾವ ವಿದ್ಯಾರ್ಥಿವೇತನಕ್ಕೆ ಯಾವ ತಾರೀಖು ಕೊನೆಯೆಂದು ಕನ್ನಡದಲ್ಲಿ ಬರೆದು ಹಾಕಿ, ಬಂದವರ ಅರ್ಜಿಯನ್ನು ತುಂಬಿಕೊಡಲಿ. ಅಗತ್ಯವಿದ್ದವನಿಗೆ ಕೊಡುವ ಹಣವನ್ನು ವ್ಯಾಸಪೀಠದ ಮೇಲಲ್ಲ, ಒಳಕೋಣೆಯಲ್ಲಿ ಕೊಡಲಿ. ಅವನ ಹೆಸರು ವಾರ್ಷಿಕ ವರದಿಯಲ್ಲಿ ಅಚ್ಚಾಗದಿರಲಿ. ಹೋಟೆಲಿನಲ್ಲಿ, ಕಟ್ಟಡದ ಕೆಲಸದಲ್ಲಿ, ಕಾವಲು ಕೆಲಸದಲ್ಲಿ ಇರುವ ಕನ್ನಡಿಗರ ಮಕ್ಕಳನ್ನು ಹುಡುಕಿಕೊಂಡು ಸಂಘವೇ ಅವರ ಬಾಗಿಲಿಗೆ ಹೋಗಲಿ. ಇದಕ್ಕೆ ಬೇಕಾದುದು ದೊಡ್ಡ ನಿಧಿಯಲ್ಲ. ಒಂದು ಮೇಜು, ಎರಡು ಕುರ್ಚಿ, ಬಿಡುವು ಮಾಡಿಕೊಳ್ಳುವ ಮನಸ್ಸು.

ಕನ್ನಡವು ಹೊರನಾಡಿನಲ್ಲಿ ಉಳಿಯಬೇಕೆಂದು ನಾವೆಲ್ಲ ಹಂಬಲಿಸುತ್ತೇವೆ. ಭಾಷೆ ಉಳಿಯುವುದು ಹಬ್ಬದ ದಿನದ ಭಾಷಣದಿಂದ ಮಾತ್ರವಲ್ಲ. ಕಷ್ಟದ ಗಳಿಗೆಯಲ್ಲಿ ತನಗೆ ಅರ್ಥವಾಗುವ ಮಾತಿನಲ್ಲಿ ಯಾರು ಕರೆದರೋ ಅವರ ಮಾತನ್ನು ಮನುಷ್ಯನು ಬದುಕಿರುವ ತನಕ ಮರೆಯುವುದಿಲ್ಲ. ನಮ್ಮ ಹಿರಿಯರು ಏಳು ಮನೆಯ ಎಲೆಯಿಂದ ಆರಂಭಿಸಿ, ಮಠದ ಪಂಕ್ತಿಯನ್ನು ದಾಟಿ, ಸರಕಾರದ ವಿದ್ಯಾರ್ಥಿನಿಲಯದ ವರೆಗೆ ಈ ಧರ್ಮವನ್ನು ಹೊತ್ತು ತಂದಿದ್ದಾರೆ. ಮುಂದಿನ ನಾಲ್ಕು ಹೆಜ್ಜೆಯನ್ನು ಇಡಬೇಕಾದವರು ನಾವು. ವಾರಕ್ಕೆ ಒಂದು ಸಂಜೆ ಕೊಡುವುದೆಂದರೆ ಅದೂ ಒಂದು ಬಗೆಯ ವಾರಾನ್ನವೇ ಅಲ್ಲವೆ?